ಮಣ್ಣು ಮಣಿದು ಮಣಿಯಾದ ಬಗೆ

‘ಮಣ್ಣು’ ಎಂಬ ಮಾತಿಗೂ ಕೊರಳಲ್ಲಿ ಧರಿಸುವ ‘ಮಣಿ’ ಎಂಬ ಮಾತಿಗೂ ನಂಟುಂಟೆಂದರೆ ವ್ಯಾಕರಣ ಬಲ್ಲವರು ಒಪ್ಪಲಾರರು. ಮಣ್ಣು ಅಚ್ಚಗನ್ನಡದ ಮಾತು. ಮಣಿಯು ಸಂಸ್ಕೃತದಿಂದ ಬಂದುದು. ಆದರೆ ಇವೆರಡರ ನಡುವೆ ನಿಂತು ಇಬ್ಬರ ಕೈಯನ್ನೂ ಹಿಡಿಯಬಲ್ಲ ಮೂರನೆಯ ಮಾತೊಂದು ನಮ್ಮ ನುಡಿಯಲ್ಲಿಯೇ ಇದೆ. ‘ಮಣಿ’ ಎಂದರೆ ಬಾಗು, ಬಗ್ಗು, ಹೇಳಿದಂತೆ ಕೇಳು. ಮಣ್ಣು ಮಣಿದರೆ ಮಣಿಯಾಗುತ್ತದೆ. ಮಣಿಯದ ಮಣ್ಣು ಹೆಂಟೆಯಾಗಿಯೇ ಉಳಿಯುತ್ತದೆ. ಈ ವರ್ಷ ನಮ್ಮ ಶಾಲೆಯ ಏಳನೆಯ ತರಗತಿಯ ಮಕ್ಕಳೂ ಅವರೊಡನೆ ಅಧ್ಯಾಪಕರಾದ ನಾವೂ ಕೂಡಿ ಮಣ್ಣಿನ ಮಣಿಗಳನ್ನು ಮಾಡಿ, ಬಯಲಿನ ಬೆಂಕಿಯಲ್ಲಿ ಸುಟ್ಟೆವು. ಮಣಿಯುವುದೆಂದರೇನು, ಅದು ಎಲ್ಲಿಯವರೆಗೆ ಸಾಧ್ಯ, ಎಲ್ಲಿಂದಾಚೆಗೆ ಸಾಧ್ಯವಿಲ್ಲ ಎಂಬುದನ್ನು ಆ ಕೆಲಸ ನಮಗೆ ಕಲಿಸಿತು. ಅದನ್ನು ವಾರ್ಷಿಕ ಸಂಚಿಕೆಯ ಓದುಗರೊಡನೆ ಹಂಚಿಕೊಳ್ಳಬೇಕೆಂದು ಈ ಬರಹ.

ಆಭರಣಗಳ ಪಂಕ್ತಿಯಲ್ಲಿ ಮಣ್ಣಿನ ಮಣಿಗೆ ಕೊನೆಯ ಎಲೆ. ಮುತ್ತು, ಹವಳ, ಸ್ಫಟಿಕಗಳ ಎದುರಿಗೆ ಅದು ಕುಳಿತುಕೊಳ್ಳಲೂ ಸಂಕೋಚಪಡುತ್ತದೆ. ಅಕ್ಕಸಾಲಿಗನು ಅದನ್ನು ತೂಗುವುದಿಲ್ಲ, ಕಳ್ಳನು ಕದಿಯುವುದಿಲ್ಲ. ಆದರೆ ವಯಸ್ಸಿನ ಕ್ರಮದಲ್ಲಿ ಎಲೆ ಹಾಕಿದರೆ ಅದರ ಸ್ಥಾನ ಬಹಳ ಮುಂದೆ. ನಮ್ಮ ಪುಣೆ ಜಿಲ್ಲೆಯಲ್ಲಿಯೇ, ಘೋಡ್ ನದಿಯ ದಡದಲ್ಲಿ, ಇನಾಮಗಾಂವ ಎಂಬ ಊರಿದೆ. ಅಲ್ಲಿ ಡೆಕ್ಕನ್ ಕಾಲೇಜಿನ ವಿದ್ವಾಂಸರು ೧೯೬೮ರಿಂದ ೧೯೮೩ರವರೆಗೆ ನೆಲವನ್ನು ಅಗೆದು, ಕ್ರಿಸ್ತಪೂರ್ವ ಸುಮಾರು ೧೬೦೦ರಿಂದ ೭೦೦ರವರೆಗೆ ಬಾಳಿದ ಬೇಸಾಯಗಾರರ ಊರೊಂದನ್ನು ಬೆಳಕಿಗೆ ತಂದರು. ಅವರ ಮನೆಗಳ ತಳ, ಅವರು ತಿಂದ ಧಾನ್ಯ, ಅವರ ಕುಂಬಾರನ ಆವಿಗೆ, ಇವುಗಳ ಜೊತೆಗೆ ಮಣಿಗಳೂ ದೊರೆತವು. ಅವುಗಳಲ್ಲಿ ಸುಟ್ಟ ಮಣ್ಣಿನವೂ ಇವೆ. ಕರ್ನಾಟಕದಲ್ಲಿಯೂ ಹೀಗೆಯೇ. ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿಯೂ, ೧೯೫೪ರಲ್ಲಿ ಬಿ. ಕೆ. ಥಾಪರ್ ಅವರು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿಯೂ ಅಗೆಸಿದಾಗ ಕಲ್ಲು, ಶಂಖ, ಚಿಪ್ಪುಗಳ ಮಣಿಗಳ ನಡುವೆ ಮಣ್ಣಿನ ಮಣಿಗಳೂ ಸಿಕ್ಕವು. ದಕ್ಖನ್ನಿನ ಹಲವು ಹಳೆಯ ನೆಲೆಗಳಲ್ಲಿ ಸಿಗುವ ಒಂದು ಬಗೆಗೆ ಪುರಾತತ್ತ್ವಜ್ಞರು ‘ಅಡಕೆಯ ಆಕಾರದ ಮಣಿ’ ಎಂದೇ ಹೆಸರಿಟ್ಟಿದ್ದಾರೆ. ಅದು ಕೊರಳಿಗೆ ಕಟ್ಟಿದ ಮಣಿಯೋ, ನೂಲುವ ಕದಿರಿಗೆ ಸಿಕ್ಕಿಸಿದ ಬಿಲ್ಲೆಯೋ ಎಂಬ ಚರ್ಚೆಯೂ ಅವರಲ್ಲಿ ಉಂಟು. ಏನೇ ಇರಲಿ, ಯಾರೋ ಒಬ್ಬ ತಾಯಿಯೋ ಮಗುವೋ ಬೆರಳ ನಡುವೆ ಉರುಳಿಸಿದ ಮಣ್ಣಿನ ಉಂಡೆ ಸಾವಿರಾರು ವರ್ಷ ನೆಲದಡಿಯಲ್ಲಿ ಮಲಗಿ, ಹಾಗೆಯೇ ಎದ್ದುಬಂದಿದೆ. ಅರಮನೆಗಳ ಮರ ಕೊಳೆತುಹೋಯಿತು, ಬಟ್ಟೆ ಮಣ್ಣಾಯಿತು. ಮಣ್ಣಿನ ಮಣಿ ಮಾತ್ರ ಮಣ್ಣಾಗಲಿಲ್ಲ.

ಇದರ ಮರ್ಮವೇನು? ಮಣ್ಣಿನ ಬೊಂಬೆಗಳು ನಮ್ಮ ಮಕ್ಕಳಿಗೆ ಹೊಸವಲ್ಲ. ಉತ್ತರ ಕರ್ನಾಟಕದಿಂದ ಬಂದ ಮನೆಗಳಲ್ಲಿ ಜ್ಯೇಷ್ಠಮಾಸದ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆಯಾಗುತ್ತದೆ. ಎರೆಮಣ್ಣಿನ ಜೋಡೆತ್ತುಗಳನ್ನು ಮಾಡಿ, ಜೋಳದ ಕಾಳನ್ನು ಕಣ್ಣಾಗಿ ಒತ್ತಿ, ಪೂಜಿಸಿ, ಆಮೇಲೆ ನೀರಿಗೋ ತುಳಸಿಯ ಬುಡಕ್ಕೋ ಬಿಡುತ್ತಾರೆ. ಭಾದ್ರಪದದಲ್ಲಿ ಈ ಪುಣೆಯ ಬೀದಿಬೀದಿಗಳಲ್ಲಿ ಗಣಪತಿ ಬರುತ್ತಾನೆ. ಶಾಡೂ ಮಣ್ಣಿನ ಗಣಪತಿಯಾದರೆ ಬಕೆಟ್ಟಿನ ನೀರಿನಲ್ಲಿಯೇ ಕರಗಿ ಕೆಸರಾಗುತ್ತಾನೆ. ಈ ಎತ್ತುಗಳೂ ಈ ದೇವರೂ ಬೆಂಕಿಯನ್ನು ಕಾಣದವರು. ಬಂದ ದಾರಿಯಲ್ಲಿಯೇ ಮರಳಿ ಹೋಗಬೇಕೆಂಬುದೇ ಅವರ ಧರ್ಮ. ಮಣಿಯ ಧರ್ಮ ಬೇರೆ. ಅದು ಒಮ್ಮೆ ಬೆಂಕಿಯನ್ನು ಹಾಯ್ದರೆ ಮರಳಿ ಬರುವುದಿಲ್ಲ. ಮರಳುವ ಮಣ್ಣಿಗೂ ಮರಳದ ಮಣ್ಣಿಗೂ ನಡುವೆ ಇರುವುದು ಒಂದು ರಾತ್ರಿಯ ಬೆಂಕಿ.

ಮಣಿ ಮಾಡುವ ಕೆಲಸವನ್ನು ನಾವು ಡಿಸೆಂಬರ ತಿಂಗಳಿನಲ್ಲಿ ಆರಂಭಿಸಿದೆವು. ಪುಣೆಯ ಗಾಳಿ ಆಗ ಒಣಗಿರುತ್ತದೆ, ಮಳೆಯ ಭಯವಿರುವುದಿಲ್ಲ. ಊರ ಹೊರಗಿನ ಕುಂಬಾರರೊಬ್ಬರಲ್ಲಿ ಎರಡು ಚೀಲ ಮಣ್ಣನ್ನು ಕೊಂಡು ತಂದೆವು. ಮಣ್ಣು ಕಪ್ಪು, ನುಣುಪು, ಜಿಗುಟು. ಮಕ್ಕಳು ಹರ್ಷದಿಂದ ಕೈಹಾಕಿದರು. ಆಗ ಹಿಂದಿನ ಸಾಲಿನಿಂದ ಒಂದು ಮೆಲುದನಿ ಕೇಳಿಬಂತು:

“ಸರ್, ಈ ಮಣ್ಣು ಬಾಳ ಜಿಗಟೈತ್ರಿ. ಉಸುಕು ಕೂಡಿಸಲಿಲ್ಲಂದ್ರ ಒಣಗಿದಾಗ ಹೊಲ ಬಿರಿದಂಗ ಬಿರೀತೈತ್ರಿ.”

ಹೇಳಿದವಳು ಆ ವರ್ಷ ಜೂನಿನಲ್ಲಿ ನಮ್ಮ ಶಾಲೆಗೆ ಸೇರಿದ್ದ ಬಾಲಿಕೆ. ರಾಯಚೂರಿನ ಕಡೆಯವಳು, ಮಸ್ಕಿಯು ಅವಳ ಊರಿಗೆ ದೂರವಲ್ಲ. ತಂದೆತಾಯಿಗಳಿಬ್ಬರೂ ಇಲ್ಲಿ ಏಳುತ್ತಿದ್ದ ದೊಡ್ಡ ಕಟ್ಟಡವೊಂದರಲ್ಲಿ ಗಾರೆ ಕೆಲಸಕ್ಕೆ ಬಂದವರು. ಮನೆ ಆ ಕಟ್ಟಡದ ಬದಿಯ ತಗಡಿನ ಗುಡಿಸಲು. ಆರು ತಿಂಗಳಿನಲ್ಲಿ ಆಕೆ ತರಗತಿಯಲ್ಲಿ ತಾನಾಗಿ ಆಡಿದ ಮೊದಲನೆಯ ಮಾತು ಇದೇ ಇರಬೇಕು. ಯಾರಿಂದ ಕಲಿತೆಯವ್ವ ಎಂದು ಕೇಳಿದೆವು. “ನಮ್ಮ ಆಯಿ ಊರಾಗ ಎಲ್ಲಾರಿಗೂ ಒಲಿ ಹಾಕಿ ಕೊಡ್ತಾಳ್ರಿ” ಎಂದಳು. ಆಯಿ ಎಂದರೆ ಅಜ್ಜಿ. ಒಲೆ ಹಾಕುವಾಗ ಉಳಿದ ಮಣ್ಣಿನಲ್ಲಿ ಮೊಮ್ಮಗಳು ಮಣಿ ಮಾಡುವುದು, ಅಜ್ಜಿ ಅದನ್ನು ರಾತ್ರಿ ಒಲೆಯ ಕೆಂಡದಲ್ಲಿ ಹೂತಿಡುವುದು, ಬೆಳಿಗ್ಗೆ ಬೂದಿಯಿಂದ ಕೆದಕಿ ತೆಗೆದು ಕರುವಿನ ಕೊರಳಿಗೆ ಕಟ್ಟುವುದು, ಇದು ಆ ಮನೆಯ ವಾಡಿಕೆ.

ಆಕೆ ಹೇಳಿದುದು ಶಾಸ್ತ್ರಕ್ಕೂ ಒಪ್ಪುವ ಮಾತು. ದಕ್ಖನ್ನಿನ ಎರೆಮಣ್ಣು ಲಾವಾರಸದ ಕಪ್ಪು ಶಿಲೆ ಸವೆದು ಆದುದು. ಅದರ ಕಣಗಳು ಅತಿ ಸೂಕ್ಷ್ಮವಾದ ಹಾಳೆಗಳಂತಿದ್ದು, ನೀರು ಕಂಡರೆ ಹಾಳೆಗಳ ನಡುವೆ ಅದನ್ನು ಹೀರಿಕೊಂಡು ಉಬ್ಬುತ್ತವೆ. ನೀರು ಆರಿದರೆ ಕುಗ್ಗುತ್ತವೆ. ಬೇಸಗೆಯ ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಅಗಲದ ಬಿರುಕುಗಳು ಬೀಳುವುದು ಇದರಿಂದಲೇ. ಮರಳಿನ ಕಣಗಳಾದರೋ ಉಬ್ಬುವುದೂ ಇಲ್ಲ, ಕುಗ್ಗುವುದೂ ಇಲ್ಲ. ಅವು ಮಣ್ಣಿನ ನಡುವೆ ಎಲುಬುಗಳಂತೆ ನಿಂತು ಅದನ್ನು ತಡೆಹಿಡಿಯುತ್ತವೆ. ಒಳಗಿನ ತೇವ ಹೊರಬರಲು ದಾರಿಯನ್ನೂ ಬಿಡುತ್ತವೆ. ಬೂದಿ, ಹೊಟ್ಟು, ಸಗಣಿ, ಹಳೆಯ ಮಡಕೆಯ ಪುಡಿ, ಎಲ್ಲವೂ ಒಂದೊಂದು ಬಗೆಯಲ್ಲಿ ಇದೇ ಕೆಲಸವನ್ನು ಮಾಡುತ್ತವೆ. ನಾಲ್ಕು ಪಾಲು ಮಣ್ಣು, ಒಂದು ಪಾಲು ಜರಡಿ ಹಿಡಿದ ಉಸುಕು, ಅರ್ಧ ಪಾಲು ಬೂದಿ, ಒಂದು ಹಿಡಿ ಒಣಸಗಣಿಯ ಪುಡಿ: ಇದು ಅವಳ ಆಯಿಯ ಲೆಕ್ಕ. ಅಳತೆಯ ಪಾತ್ರೆಯಿಲ್ಲದೆ ಬೊಗಸೆಯಿಂದಲೇ ಅಳೆದಳು. ನಾವು ಅದನ್ನು ಕರಿಹಲಗೆಯ ಮೇಲೆ ಬರೆದುಕೊಂಡೆವು. ಅಂದಿನಿಂದ ಆ ಕೆಲಸದ ಮಟ್ಟಿಗೆ ಅವಳೇ ಗುರು, ನಾವೆಲ್ಲರೂ ಶಿಷ್ಯರು.

ಮಣ್ಣನ್ನು ಒಂದು ರಾತ್ರಿ ನೆನೆಯಿಟ್ಟು, ಮರುದಿನ ತುಳಿದು, ನಾದಿ, ಮತ್ತೆ ನಾದಿದೆವು. ರೊಟ್ಟಿಯ ಹಿಟ್ಟು ನಾದುವಾಗ ತಾಯಂದಿರು ಮಾಡುವಂತೆ ಅಂಗೈಯ ಹಿಂಬದಿಯಿಂದ ಒತ್ತಿ ಮಡಿಸುತ್ತ ಹೋಗಬೇಕು. ಒಳಗೆ ಗಾಳಿಯ ಗುಳ್ಳೆ ನಿಲ್ಲಬಾರದು, ತೇವ ಎಲ್ಲೆಡೆಯೂ ಸಮನಾಗಿರಬೇಕು. ಹದ ಬಂದಿತೇ ಎಂದು ನೋಡಲು ಕಿರುಬೆರಳ ದಪ್ಪದ ಬತ್ತಿಯನ್ನು ಹೊಸೆದು ಉಂಗುರದಂತೆ ಬಗ್ಗಿಸಿದೆವು. ಬಿರಿಯದೆ ಬಗ್ಗಿದರೆ ಮಣ್ಣು ಮಣಿದಿದೆಯೆಂದು ಅರ್ಥ.

ಆಮೇಲೆ ಒಬ್ಬೊಬ್ಬರೂ ನೆಲ್ಲಿಕಾಯಿಯಷ್ಟು, ಕಡಲೆಯಷ್ಟು ಮಣ್ಣನ್ನು ಚಿವುಟಿ ಅಂಗೈಗಳ ನಡುವೆ ಉರುಳಿಸಿದರು. ಗುಂಡುಮಣಿ, ಪೀಪಾಯಿಯಂಥ ಮಣಿ, ಚಪ್ಪಟೆ ಬಿಲ್ಲೆ, ಅಡಕೆ, ಕರಬೂಜದಂತೆ ಗೀರುಳ್ಳದ್ದು, ಹೀಗೆ ನಾನಾ ರೂಪಗಳಾದವು. ಅಂಗಡಿಯಲ್ಲಿ ಸಿಗುವ ಮಣಿಗಳು ಒಂದನ್ನೊಂದು ಹೋಲುತ್ತವೆ. ಇಲ್ಲಿ ಒಬ್ಬ ಬಾಲಕನು ಎಷ್ಟು ಪ್ರಯತ್ನಪಟ್ಟರೂ ಒಂದೇ ತೆರನಾದ ಎರಡು ಮಣಿಗಳನ್ನು ಮಾಡಲಾರದೆ ಬೇಸರಗೊಂಡನು. ಹತ್ತಾರು ಮಣಿಗಳಾದ ಮೇಲೆ ಅವನಿಗೇ ತಿಳಿಯಿತು: ಯಾವ ಮಣಿ ತನ್ನದೆಂದು ಯಾರನ್ನೂ ಕೇಳದೆ ಗುರುತಿಸಬಲ್ಲವನಾಗಿದ್ದನು.

ಮಣಿಗೆ ರೂಪ ಎಷ್ಟು ಮುಖ್ಯವೋ ರಂಧ್ರವೂ ಅಷ್ಟೇ ಮುಖ್ಯ. ರಂಧ್ರವಿಲ್ಲದ್ದು ಬರಿಯ ಗೋಲಿ. ಕಸಬರಿಗೆಯ ಕಡ್ಡಿಗೆ ಎಣ್ಣೆ ಸವರಿ, ಮಣಿ ತುಸು ಬಿಗಿಯಾದ ಮೇಲೆ, ಒಂದು ಕಡೆಯಿಂದ ತಿರುಗಿಸುತ್ತ ಅರ್ಧದವರೆಗೆ ಚುಚ್ಚಿ, ಇನ್ನೊಂದು ಕಡೆಯಿಂದ ಉಳಿದರ್ಧವನ್ನು ಚುಚ್ಚಬೇಕು. ಒಂದೇ ಕಡೆಯಿಂದ ತಳ್ಳಿದರೆ ಆಚೆಯ ಬಾಯಿ ಹರಿಯುತ್ತದೆ. ಕಡ್ಡಿಯನ್ನು ಅಲ್ಲಿಯೇ ಬಿಟ್ಟರೆ ಮಣ್ಣು ಕುಗ್ಗುವಾಗ ಕಡ್ಡಿ ಕುಗ್ಗುವುದಿಲ್ಲ; ಮಣಿ ಸೀಳುತ್ತದೆ. ಹಸಿಯಿಂದ ಸುಟ್ಟ ಸ್ಥಿತಿಗೆ ಬರುವ ವೇಳೆಗೆ ಮಣ್ಣು ಸುಮಾರು ಹತ್ತರಲ್ಲಿ ಒಂದು ಪಾಲು ಕುಗ್ಗುವುದರಿಂದ, ದಾರಕ್ಕಿಂತ ರಂಧ್ರವನ್ನು ದೊಡ್ಡದಾಗಿಯೇ ಇಡಬೇಕು. ಬಾಚಣಿಗೆಯ ಹಲ್ಲು, ಉಗುರಿನ ತುದಿ, ಪೆನ್ನಿನ ಮುಚ್ಚಳ, ಇವುಗಳಿಂದ ಮಕ್ಕಳು ಗೀರು ಚುಕ್ಕಿಗಳನ್ನು ಬಿಡಿಸಿದರು. ಕೆಲವು ಮಣಿಗಳಿಗೆ ಕೆಮ್ಮಣ್ಣಿನ ನೀರನ್ನು ಬಳಿದು, ಇನ್ನೂ ಪೂರ್ತಿ ಒಣಗುವ ಮೊದಲೇ ಹುಣಿಸೆಬೀಜದಿಂದಲೂ ನದಿಯ ನುಣುಪುಗಲ್ಲಿನಿಂದಲೂ ಉಜ್ಜಿದೆವು. ಉಜ್ಜಿದಾಗ ಮೇಲ್ಮೈಯ ಕಣಗಳು ಒತ್ತೊತ್ತಾಗಿ ಮಲಗಿ ಹೊಳಪು ಬರುತ್ತದೆ. ಮೆರುಗುಬಣ್ಣವಿಲ್ಲದ ಕಾಲದಲ್ಲಿ ನಮ್ಮ ಪೂರ್ವಿಕರು ಮಡಕೆಗಳಿಗೆ ಮಿರುಗು ಕೊಟ್ಟಿದ್ದು ಈ ರೀತಿಯಿಂದಲೇ.

ಹೀಗೆ ಆದ ಮಣಿಗಳು ಒಟ್ಟು ೨೬೦. ಅವುಗಳಲ್ಲಿ ಆ ಬಾಲಿಕೆಯವು ೨೪. ತಟ್ಟೆಗಳಲ್ಲಿ ಹರವಿ, ಮೊದಲೆರಡು ದಿನ ಒದ್ದೆಬಟ್ಟೆ, ಆಮೇಲೆ ಒಣಬಟ್ಟೆ ಮುಚ್ಚಿ, ಜಗಲಿಯ ನೆರಳಿನಲ್ಲಿಟ್ಟೆವು. ಬಿಸಿಲಿಗೆ ಇಟ್ಟರೆ ಹೊರಮೈ ಬೇಗ ಕುಗ್ಗಿ ಒಳಗು ಹಿಂದೆ ಬೀಳುತ್ತದೆ. ಈ ಎಳೆದಾಟದಲ್ಲಿಯೇ ಬಿರುಕು ಹುಟ್ಟುತ್ತದೆ. ಈ ಹದಿನೈದು ದಿನಗಳಲ್ಲಿ ನಾವು ಮಾಡಬೇಕಾದ ಕೆಲಸವೆಂದರೆ ದಿನಕ್ಕೊಮ್ಮೆ ಮಣಿಗಳನ್ನು ಹೊರಳಿಸುವುದು ಮತ್ತು ಸುಮ್ಮನಿರುವುದು. ಎರಡನೆಯದು ಮಕ್ಕಳಿಗೆ ಬಹಳ ಕಠಿನವಾಯಿತು. “ಇವತ್ತೇ ಸುಡೋಣ” ಎಂಬ ಒತ್ತಾಯ ದಿನವೂ ಇದ್ದಿತು. ಬಾಲಿಕೆ ಮಾತ್ರ ಒಂದು ಮಣಿಯನ್ನೆತ್ತಿ ಕೆನ್ನೆಗೆ ತಾಗಿಸಿ, “ಇನ್ನಾ ತಣ್ಣಗೈತಿ, ಒಳಗ ನೀರೈತಿ” ಎಂದು ಕೆಳಗಿಡುತ್ತಿದ್ದಳು. ಒಳಗಿನ ನೀರು ಆರುತ್ತಿರುವವರೆಗೆ ಮಣಿ ತಂಪಾಗಿಯೇ ಇರುತ್ತದೆ. ಕೆನ್ನೆಗಿಂತ ನಿಷ್ಪಕ್ಷಪಾತವಾದ ಯಂತ್ರ ಆಗ ನಮ್ಮಲ್ಲಿ ಬೇರೆ ಇರಲಿಲ್ಲ.

ಜನವರಿಯ ಮೊದಲನೆಯ ವಾರದಲ್ಲಿ ಆ ಕಟ್ಟಡದ ಕೆಲಸ ಮುಗಿಯಿತು. ಒಂದು ಮುಂಜಾನೆ ಬಾಲಿಕೆಯ ತಂದೆ ಅವಳನ್ನು ಕರೆದುಕೊಂಡು ಶಾಲೆಗೆ ಬಂದರು. ಊರಿಗೆ ಹೋಗಬೇಕಾಗಿದೆ, ರಾತ್ರಿಯ ಬಸ್ಸಿಗೆ ಹೊರಡುತ್ತೇವೆ, ಶಾಲೆ ಬಿಟ್ಟ ಪ್ರಮಾಣಪತ್ರ ಬೇಕು ಎಂದರು. ವರ್ಷ ಮುಗಿಯಲು ಮೂರೇ ತಿಂಗಳು. ಮಗಳನ್ನಾದರೂ ಇಲ್ಲಿ ಯಾರದಾದರೂ ಮನೆಯಲ್ಲಿ ಬಿಟ್ಟುಹೋಗಲಾಗುವುದಿಲ್ಲವೇ ಎಂದು ನಾವು ಕೇಳಿದೆವು. ಅವರು ನೆಲ ನೋಡುತ್ತ, “ಹ್ಯಾಂಗ ಬಿಡೂದ್ರಿ ಸರ್, ಹೆಣ್ಮಗು” ಎಂದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಊರಿನಲ್ಲಿ ತಪ್ಪದೆ ಶಾಲೆಗೆ ಹಚ್ಚಬೇಕೆಂದು ಹೇಳಿದೆವು, ಹಚ್ಚುತ್ತೇವೆಂದರು.

ಪತ್ರ ಸಿದ್ಧವಾಗುವವರೆಗೆ ಬಾಲಿಕೆ ಜಗಲಿಗೆ ಹೋಗಿ ತನ್ನ ಮಣಿಗಳನ್ನು ಒಂದೊಂದಾಗಿ ಹೊರಳಿಸಿ ನೋಡಿದಳು. ಅವುಗಳನ್ನು ಹತ್ತಿಯಲ್ಲಿ ಸುತ್ತಿ ಕೊಡುತ್ತೇವೆ, ಒಯ್ಯುತ್ತೀಯಾ ಎಂದು ಕೇಳಿದೆವು.

“ಹಸೀವು ಒಯ್ದು ಏನ್ ಮಾಡ್ಲಿರಿ? ಬಸ್ಸಿನ್ಯಾಗ ಪುಡಿ ಆಗ್ತಾವ. ನೀವು ಸುಡೂ ಮುಂದ ನನ್ನವು ನಡುವ ಇಡ್ರಿ, ಅಂಚಿನ್ಯಾಗ ಕಾವು ಸಾಲಂಗಿಲ್ಲ. ಬೂದಿ ತಣ್ಣಗಾಗೂತನಕ ಯಾರೂ ಮುಟ್ಟಬ್ಯಾಡ್ರಿ.”

ಇಷ್ಟು ಹೇಳಿ ತಟ್ಟೆಗೆ ಬಟ್ಟೆ ಮುಚ್ಚಿ ತಂದೆಯ ಹಿಂದೆ ಹೊರಟಳು.

ಬೆಂಕಿಯ ದಿನ ಬಂದಿತು. ಸಂಕ್ರಾಂತಿ ಕಳೆದ ಮರುವಾರ. ನಗರದ ನಡುವಿನ ಶಾಲೆಯಲ್ಲಿ ಬಯಲು ಬೆಂಕಿ ಹಾಕುವುದು ಸುಲಭವಲ್ಲ. ನೆರೆಹೊರೆಯವರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆದೆವು. ಬಯಲಿನ ಮೂಲೆಯಲ್ಲಿ ಗೋಡೆಯಿಂದಲೂ ಮರದಿಂದಲೂ ದೂರ ಒಂದು ಮೊಳ ಆಳದ ಅಗಲವಾದ ಕುಳಿ ತೋಡಿದೆವು. ಬಕೆಟ್ಟುಗಳಲ್ಲಿ ನೀರನ್ನೂ ಮರಳನ್ನೂ ಪಕ್ಕದಲ್ಲಿಟ್ಟೆವು. ಕುಳಿಯ ತಳಕ್ಕೆ ಒಣಮರಳು, ಅದರ ಮೇಲೆ ಹೆಂಚಿನ ಚೂರು. ಮೊದಲು ಸಣ್ಣ ಬೆಂಕಿ ಹಾಕಿ, ಮಣಿಗಳನ್ನು ಅದರ ಸುತ್ತ ಇಟ್ಟು, ಎರಡು ಗಂಟೆಗಳ ಕಾಲ ಮೆಲ್ಲಮೆಲ್ಲನೆ ಹತ್ತಿರಕ್ಕೆ ಸರಿಸುತ್ತ ಕಾಯಿಸಿದೆವು. ನೆರಳಿನಲ್ಲಿ ಒಣಗಿದ ಮಣ್ಣಿನಲ್ಲಿಯೂ ತೇವ ಅಡಗಿರುತ್ತದೆ. ನೂರು ಡಿಗ್ರಿಯಲ್ಲಿ ಅದು ಆವಿಯಾಗಿ ಹೊರಡುತ್ತದೆ. ಅವಸರದ ಬೆಂಕಿಯಲ್ಲಿ ಆ ಆವಿಗೆ ದಾರಿ ಸಿಗದೆ ಮಣಿ ಪಟಾಕಿಯಂತೆ ಸಿಡಿಯುತ್ತದೆ.

ಬಳಿಕ ಬೆರಣಿಯ ಒಂದು ಹಾಸು. ಬಾಲಿಕೆಯ ಮಾತಿನಲ್ಲಿ ಹೇಳುವುದಾದರೆ ಕುಳ್ಳಿನ ಹಾಸು. ಅದರ ಮೇಲೆ ಮಣಿಗಳು. ನಡುವೆ ಅವಳ ೨೪, ಸುತ್ತಲೂ ಉಳಿದವು. ಅವುಗಳ ಮೇಲೆ ಒಡೆದ ಮಡಕೆಯ ಚೂರುಗಳು, ಮತ್ತೆ ಬೆರಣಿ, ಅದರ ಮೇಲೆ ಹುಲ್ಲು, ಎಲ್ಲಕ್ಕೂ ಮೇಲೆ ಬೂದಿಯ ಹೊದಿಕೆ. ಸಂಜೆ ಆರು ಗಂಟೆಗೆ ನಾಲ್ಕೂ ದಿಕ್ಕಿನಿಂದ ಕಿಚ್ಚು ಮುಟ್ಟಿಸಿದೆವು. ಸೌದೆಯ ಬೆಂಕಿ ಧಗಧಗಿಸಿ ಆರಿಹೋಗುತ್ತದೆ. ಬೆರಣಿಯ ಬೆಂಕಿ ಸದ್ದಿಲ್ಲದೆ, ಸಮನಾಗಿ, ಬಹಳ ಹೊತ್ತು ಉರಿಯುತ್ತದೆ. ಕುಂಬಾರರು ಅದನ್ನು ಮೆಚ್ಚುವುದು ಈ ಗುಣಕ್ಕಾಗಿ. ಇಂತಹ ಬಯಲು ಬೆಂಕಿಯ ಕಾವು ಸಾಮಾನ್ಯವಾಗಿ ೬೦೦ರಿಂದ ೯೦೦ ಡಿಗ್ರಿ ಸೆಂಟಿಗ್ರೇಡಿನವರೆಗೆ ಏರುತ್ತದೆ. ಕತ್ತಲಾದ ಮೇಲೆ ಚೂರುಗಳ ಸಂದಿನಿಂದ ಇಣುಕಿದರೆ ಮಣಿಗಳೇ ಕೆಂಡದಂತೆ ಕೆಂಪಾಗಿ ಹೊಳೆಯುತ್ತಿದ್ದವು. ಅಷ್ಟು ಹೊತ್ತು ಗಲಗಲ ಮಾತಾಡುತ್ತಿದ್ದ ಮಕ್ಕಳು ಅದನ್ನು ನೋಡಿ ಮೌನವಾದರು.

ಮಣ್ಣು ಮರಳಲಾರದ ಗಡಿಯನ್ನು ದಾಟುವುದು ಆ ಹೊತ್ತಿನಲ್ಲಿಯೇ. ನಾವು ಕಲಸಿದ ನೀರು ನೆರಳಿನಲ್ಲಿ ಹೋಯಿತು. ಅಡಗಿದ್ದ ತೇವ ಮೊದಲ ಕಾವಿಗೆ ಹೋಯಿತು. ಇನ್ನೊಂದು ನೀರಿದೆ. ಅದು ಮಣ್ಣಿನ ಕಣದ ರಚನೆಯಲ್ಲಿಯೇ ಬೆಸೆದುಕೊಂಡಿರುವಂಥದು. ಸುಮಾರು ೪೫೦ರಿಂದ ೬೦೦ ಡಿಗ್ರಿಗಳ ನಡುವೆ ಅದೂ ಹೊರಟುಹೋಗುತ್ತದೆ. ಆಮೇಲೆ ಎಷ್ಟು ನೀರು ಹೊಯ್ದರೂ ಅದು ಮತ್ತೆ ಕಲಸಬಹುದಾದ ಮಣ್ಣಾಗುವುದಿಲ್ಲ. ನಮ್ಮ ದೇಶದ ದಾರ್ಶನಿಕರೂ ಈ ಬೆಂಕಿಯ ಮುಂದೆ ಕುಳಿತು ಬಹಳ ಯೋಚಿಸಿದ್ದಾರೆ. ಕಪ್ಪು ಮಡಕೆ ಕೆಂಪಾಗುವುದು ಹೇಗೆ? ಬೆಂಕಿಯಲ್ಲಿ ಮಡಕೆ ಪರಮಾಣುಗಳಾಗಿ ಬಿಡಿಬಿಡಿಯಾಗಿ, ಆ ಪರಮಾಣುಗಳು ಬಣ್ಣ ತಳೆದು, ಮತ್ತೆ ಕೂಡಿಕೊಳ್ಳುತ್ತವೆ ಎಂದು ವೈಶೇಷಿಕರು. ಹಾಗಲ್ಲ, ಮಡಕೆ ಇಡಿಯಾಗಿದ್ದಂತೆಯೇ ಬೆಂಕಿ ಅದರ ಸೂಕ್ಷ್ಮರಂಧ್ರಗಳಲ್ಲಿ ಹೊಕ್ಕು ಬಣ್ಣ ಬದಲಿಸುತ್ತದೆ ಎಂದು ನೈಯಾಯಿಕರು. ಮೊದಲನೆಯದಕ್ಕೆ ಪೀಲುಪಾಕವೆಂದೂ ಎರಡನೆಯದಕ್ಕೆ ಪಿಠರಪಾಕವೆಂದೂ ಹೆಸರು. ಮಣ್ಣಿನ ಕಬ್ಬಿಣದ ಅಂಶ ಗಾಳಿಯೊಡನೆ ಕೂಡಿದರೆ ಕೆಂಪಾಗುತ್ತದೆ, ಗಾಳಿ ಸಿಗದ ಕಡೆ ಹೊಗೆಯ ಮಸಿ ಕುಳಿತು ಕಪ್ಪಾಗುತ್ತದೆ ಎಂದು ಇಂದಿನ ರಸಾಯನಶಾಸ್ತ್ರ ಹೇಳುತ್ತದೆ. ಆದರೂ ಬೆಂಕಿಯೆದುರು ಕುಳಿತಾಗ ಆ ಹಳೆಯ ಪ್ರಶ್ನೆ ಹಳತೆಂದು ತೋರಲಿಲ್ಲ. ಬದಲಾದುದು ಕಣವೋ, ಇಡಿಯೋ? ಅಧ್ಯಾಪಕರಾದವರು ಮಕ್ಕಳ ವಿಷಯದಲ್ಲಿಯೂ ಇದನ್ನೇ ಕೇಳಿಕೊಳ್ಳುತ್ತಿರುತ್ತಾರೆ.

ರಾತ್ರಿಯೆಲ್ಲ ಕುಳಿ ಹೊಗೆಯಾಡಿತು. ಮರುದಿನ ಬೆಳಿಗ್ಗೆ ಬೂದಿ ಮೇಲೆ ತಣ್ಣಗಿದ್ದಿತು. ಒಳಗೆ ಕೈಯಿಟ್ಟರೆ ಬಿಸಿ. ಮಕ್ಕಳಲ್ಲಿ ಒಬ್ಬನು ಕೋಲು ಹಿಡಿದು ಬಂದನು. ಇನ್ನೊಬ್ಬಳು ಅವನನ್ನು ತಡೆದು, “ಬೂದಿ ತಣ್ಣಗಾಗೋ ತನಕ ಮುಟ್ಟಬಾರದು ಅಂತ ಹೇಳಿಲ್ವಾ?” ಎಂದು ಗದರಿಸಿದಳು. ಹೇಳಿದವಳು ಆಗ ಊರು ಸೇರಿ ಎರಡು ವಾರ ಕಳೆದಿತ್ತು. ಅವಳ ಮಾತು ಮಾತ್ರ ಕುಳಿಯ ಬದಿಯಲ್ಲಿ ಕಾವಲು ನಿಂತಿತ್ತು. ಮಧ್ಯಾಹ್ನ ಬೂದಿ ಸರಿಸಿದೆವು.

ಕೆಲವು ಮಣಿಗಳು ಇಟ್ಟಿಗೆಯಂತೆ ಕೆಂಪು, ಕೆಲವು ಇದ್ದಿಲಿನಂತೆ ಕಪ್ಪು, ಹಲವು ಅರ್ಧ ಕೆಂಪು ಅರ್ಧ ಕಪ್ಪಾಗಿ ಮೋಡ ಕವಿದಂತಿದ್ದವು. ಕರ್ನಾಟಕದ ಬೃಹತ್ ಶಿಲಾಸಮಾಧಿಗಳಲ್ಲಿ ಸಿಗುವ ಕಪ್ಪು-ಕೆಂಪು ಮಡಕೆಗಳಲ್ಲಿ ಅಂದಿನ ಕುಂಬಾರರು ಬೇಕೆಂದೇ ತಂದ ಬಣ್ಣಗಳನ್ನು ನಮ್ಮ ಬೆಂಕಿ ತನಗೆ ತೋಚಿದಂತೆ ಹಂಚಿತ್ತು. ಎಣಿಸಿದಾಗ ೨೬೦ರಲ್ಲಿ ೨೨೮ ಇಡಿಯಾಗಿದ್ದವು. ದಪ್ಪ ಮಣಿಗಳೇ ಹೆಚ್ಚಾಗಿ ಸಿಡಿದಿದ್ದವು. ಬಾಲಿಕೆಯ ೨೪ರಲ್ಲಿ ಒಂದು ಸೀಳಿತ್ತು. ನಾಲ್ಕು ದಿನಗಳ ಮೇಲೆ ಇನ್ನೊಂದರ ಮೈಯಿಂದ ತಾನಾಗಿಯೇ ಒಂದು ಚಕ್ಕೆ ಎದ್ದುಬಂತು. ಎರೆಮಣ್ಣಿನಲ್ಲಿ ಸುಣ್ಣದ ಹರಳುಗಳಿರುವುದುಂಟು. ಬೆಂಕಿಯಲ್ಲಿ ಹರಳು ಸುಟ್ಟು ಸುಣ್ಣವಾಗಿ, ಆಮೇಲೆ ಗಾಳಿಯ ತೇವ ಹೀರಿ ಉಬ್ಬಿ, ಮೇಲಿನ ಮಣ್ಣನ್ನು ನೂಕುತ್ತದೆ. ಉಳಿದ ೨೨ ಮಣಿಗಳು ಅಚ್ಚುಕಟ್ಟಾಗಿದ್ದವು.

ಸುಟ್ಟಿತೋ ಇಲ್ಲವೋ ಎಂದು ನೋಡಲು ಎರಡು ಪರೀಕ್ಷೆಗಳನ್ನು ಮಾಡಿದೆವು. ಸುಡದೆ ಉಳಿಸಿಕೊಂಡಿದ್ದ ಒಂದು ಮಣಿಯನ್ನೂ ಸುಟ್ಟ ಒಂದು ಮಣಿಯನ್ನೂ ನೀರಿಗೆ ಹಾಕಿದೆವು. ಹಸಿಯದು ಗುಳ್ಳೆಯೆಬ್ಬಿಸಿ, ಪದರು ಬಿಟ್ಟು, ಕಾಲು ಗಂಟೆಯೊಳಗೆ ಕೆಸರಿನ ಗುಡ್ಡೆಯಾಯಿತು. ಸುಟ್ಟದ್ದು ತಳದಲ್ಲಿ ಹಾಗೆಯೇ ಕುಳಿತಿತು. ಎರಡನೆಯದು ಸದ್ದಿನ ಪರೀಕ್ಷೆ. ಚೆನ್ನಾಗಿ ಬೆಂದ ಎರಡು ಮಣಿಗಳನ್ನು ತಾಗಿಸಿದರೆ ‘ಟಿಣ್’ ಎನ್ನುತ್ತವೆ. ಅರೆಬೆಂದವು ‘ಠಪ್’ ಎನ್ನುತ್ತವೆ. ಅಂಚಿನಲ್ಲಿದ್ದ ಹಲವು ‘ಠಪ್’ ಎಂದವು. ನಡುವಿನವೆಲ್ಲ ‘ಟಿಣ್’ ಎಂದವು.

ಈ ಪರೀಕ್ಷೆಯನ್ನು ಮನುಷ್ಯರ ಮೇಲೆ ಮಾಡಿದ ಕಥೆಯೊಂದು ಮಹಾರಾಷ್ಟ್ರದಲ್ಲಿ ಮನೆಮಾತಾಗಿದೆ. ಧಾರಾಶಿವ ಜಿಲ್ಲೆಯ ತೇರ ಎಂಬ ಊರಿನ ಗೋರಾ ಕುಂಬಾರನು ವಿಠ್ಠಲನ ಭಕ್ತ. ಸಂತರೆಲ್ಲ ಕೂಡಿದ್ದಾಗ ಮುಕ್ತಾಬಾಯಿಯು ಅವನ ಕೋಲನ್ನು ತೋರಿಸಿ, ಇದರಿಂದ ಬೆಂದ ಮಡಕೆ ಯಾವುದು, ಹಸಿಯ ಮಡಕೆ ಯಾವುದು ನೋಡು ಎಂದಳಂತೆ. ಗೋರಾ ಒಬ್ಬೊಬ್ಬರ ತಲೆಯನ್ನೂ ತಟ್ಟುತ್ತ ಬಂದನು. ಎಲ್ಲರೂ ಸುಮ್ಮನೆ ಕುಳಿತರು, ನಾಮದೇವನೊಬ್ಬನು ಸಿಡಿಮಿಡಿಗೊಂಡನು. ಈ ಮಡಕೆ ಇನ್ನೂ ಹಸಿಯೆಂದು ಗೋರಾ ನುಡಿದನಂತೆ. ನಾಮದೇವನು ಆಮೇಲೆ ವಿಸೋಬಾ ಖೇಚರನನ್ನು ಗುರುವಾಗಿ ಪಡೆದನೆಂದು ಐತಿಹ್ಯ. ಗೋರಾ ನಮ್ಮ ಶಾಲೆಗೆ ಬಂದು ಕೋಲಿನಿಂದ ಎಲ್ಲರ ತಲೆಯನ್ನೂ ತಟ್ಟಿದ್ದರೆ ಯಾವುದು ‘ಟಿಣ್’ ಎನ್ನುತ್ತಿತ್ತೆಂಬ ವಿಷಯದಲ್ಲಿ ನಮಗೆ ಸಂದೇಹವಿಲ್ಲ. ಆದರೆ ಆ ಬಾಲಿಕೆಯ ಕೈಗೆ ನಾ��ು ಕೊಟ್ಟ ಪತ್ರದಲ್ಲಿ ಬರೆದಿದ್ದುದು ‘ಏಳನೆಯ ತರಗತಿ, ಅಪೂರ್ಣ’ ಎಂದು.

೨೨ ಮಣಿಗಳನ್ನು ಅರಿಸಿನದ ದಾರದಲ್ಲಿ ಪೋಣಿಸಿ, ಅವಳ ಊರಿನ ಕಡೆಗೆ ಹೊರಟಿದ್ದ ಕೆಲಸಗಾರರೊಬ್ಬರ ಕೈಯಲ್ಲಿ ಕಳುಹಿಸಿದೆವು. ಹತ್ತು ದಿನಗಳ ಮೇಲೆ ತಂದೆಯ ದೂರವಾಣಿಯಿಂದ ಅವಳ ದನಿ ಕೇಳಿಬಂತು. ಮಣಿ ಮುಟ್ಟಿದವೆಂದೂ, ಆಯಿ ಒಂದೊಂದನ್ನೇ ತಟ್ಟಿ ನೋಡಿ ಚೆನ್ನಾಗಿ ಬೆಂದಿವೆಯೆಂದಳೆಂದೂ ಹೇಳಿದಳು. ಶಾಲೆಗೆ ಹೋಗುತ್ತಿದ್ದೀಯಾ ಎಂದು ನಾವು ಕೇಳಿದೆವು. ಸ್ವಲ್ಪ ಹೊತ್ತು ಮಾತಿಲ್ಲ. “ಇನ್ನಾ ಹಚ್ಚಿಲ್ರಿ. ಸುಗ್ಗಿ ಮುಗಿದ ಮ್ಯಾಲ ಹಚ್ತೀವಿ ಅಂದಾರ್ರಿ” ಎಂದಳು.

ಸುಗ್ಗಿ ಮುಗಿಯುವಾಗ ಶಾಲೆಯ ವರ್ಷವೂ ಮುಗಿಯುತ್ತದೆ. ಚೆನ್ನಾಗಿ ಹದಗೊಂಡು, ನೆರಳಿನಲ್ಲಿ ಆರಿ, ರಂಧ್ರವೂ ಆಗಿ, ಬೆಂಕಿಯ ಬಾಗಿಲಿನವರೆಗೆ ಬಂದ ಮಣಿಯನ್ನು ತಟ್ಟೆಯಲ್ಲಿಯೇ ಮರೆತರೆ ಅದು ಒಂದು ಮಳೆಗೆ ಮಣ್ಣಾಗುತ್ತದೆ. ಆ ದಿನವೇ ನಮ್ಮ ಮುಖ್ಯೋಪಾಧ್ಯಾಯರು ಆ ಊರಿನ ಶಾಲೆಯ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆದರು. ಹಾಜರಿಯ ವಿವರವನ್ನೂ ಅಂಕಗಳ ಪಟ್ಟಿಯನ್ನೂ ಜೊತೆಗಿಟ್ಟರು. ತರಗತಿಯ ಮಕ್ಕಳು ತಾವೂ ಒಂದು ಪತ್ರ ಬರೆದು ಸೇರಿಸಿದರು. ಅದರಲ್ಲಿ ಏನಿತ್ತೆಂದು ನಾವು ಕೇಳಲಿಲ್ಲ. ಫೆಬ್ರವರಿಯ ಕೊನೆಗೆ ಉತ್ತರ ಬಂದಿತು. ಮೂರೇ ಸಾಲು. ಅಲ್ಲಿನ ಗುರುಗಳು ತಾವೇ ಮನೆಗೆ ಹೋಗಿ ಮಾತಾಡಿ ಬಂದುದಾಗಿಯೂ, ಬಾಲಿಕೆಯ ಹೆಸರು ಏಳನೆಯ ತರಗತಿಗೆ ದಾಖಲಾಗಿರುವುದಾಗಿಯೂ, ವಾರ್ಷಿಕ ಪರೀಕ್ಷೆಗೆ ಕುಳಿತುಕೊಳ್ಳುವುದಾಗಿಯೂ ಬರೆದಿದ್ದರು.

ಚಕ್ಕೆ ಎದ್ದ ಆ ಒಂದು ಮಣಿಯನ್ನು ನಾವು ಶಾಲೆಯ ಗಾಜಿನ ಕಪಾಟಿನಲ್ಲಿ ಇಟ್ಟುಕೊಂಡಿದ್ದೇವೆ. ಚಕ್ಕೆ ಹೋದ ಕಡೆ ಅದರ ಒಳಗು ಕಾಣುತ್ತದೆ: ಹೊರಗೆ ಕೆಂಪು, ತಿರುಳಿನಲ್ಲಿ ಕಪ್ಪು. ಕಲಸಿದ ಸಗಣಿಯ ಪುಡಿ ಪೂರ್ತಿ ಉರಿದುಹೋಗುವಷ್ಟು ಗಾಳಿ ಅಲ್ಲಿಯವರೆಗೆ ಮುಟ್ಟಿಲ್ಲ. ಇನ್ನೊಂದು ಮಗ್ಗುಲಲ್ಲಿ ಹೆಬ್ಬೆರಳಿನ ಗೆರೆಗಳು ಸ್ಪಷ್ಟವಾಗಿ ಮೂಡಿವೆ. ನೀರಿಗೂ ಕಾಲಕ್ಕೂ ಅವು ಇನ್ನು ಅಳಿಯುವಂಥವಲ್ಲ.

ಮುಂದಿನ ವರ್ಷ ಏಳನೆಯ ತರಗತಿಗೆ ಬರುವವರು ಇದೇ ಕುಳಿಯಲ್ಲಿ ಮಣಿ ಸುಡಲಿದ್ದಾರೆ. ಕರಿಹಲಗೆಯ ಮೇಲಿನ ಲೆಕ್ಕ ಅಳಿಸಿಹೋಗಿರುವುದರಿಂದ ಅವರಿಗಾಗಿ ಇಲ್ಲಿ ಇನ್ನೊಮ್ಮೆ ಬರೆದಿಡುತ್ತೇವೆ. ನಾಲ್ಕು ಪಾಲು ಮಣ್ಣು, ಒಂದು ಪಾಲು ಉಸುಕು, ಅರ್ಧ ಪಾಲು ಬೂದಿ, ಒಂದು ಹಿಡಿ ಒಣಸಗಣಿಯ ಪುಡಿ. ಉಸುಕನ್ನು ಜರಡಿ ಹಿಡಿಯಬೇಕು. ಸುಣ್ಣದ ಹರಳು ಕಂಡರೆ ಆರಿಸಿ ತೆಗೆಯಬೇಕು. ಮಣಿ ಕೆನ್ನೆಗೆ ತಂಪೆನಿಸಿದರೆ ಇನ್ನೂ ಕಾಯಬೇಕು. ಬೂದಿ ತಣ್ಣಗಾಗುವವರೆಗೆ ಯಾರೂ ಮುಟ್ಟಬಾರದು.